ನಾಲ್ಕು ನಿಮಿಷದ ಬಿರುಕು

ಕರಿಬಸಯ್ಯ ಸರ್ ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಬಿರುಕಿನೊಳಗೆ ತಮ್ಮ ಕಾರಿನ ಕೀಲಿ ಇಳಿಸಿದರು. ಅದು ಅರ್ಧದವರೆಗೆ ಸಲೀಸಾಗಿ ಒಳಗೆ ಹೋಯಿತು.

"ಎಂಬತ್ತು ಮೀಟರ್ ರಸ್ತಾ ಕಲ್ಲಿದ್ದಂಗ ಐತಿ. ಈ ಹತ್ತು ಮೀಟರ್ ಅಷ್ಟ ಯಾಕ ಒಡದೈತಿ? ಅವನ್ನ ಕೇಳ ತಂಗಿ."

'ಅವನ್ನ ಕೇಳು' ಅನ್ನಬೇಡಿ, ಅವನ ಮುಖ ನೋಡಿಯೇ ಕೇಳಿ ಎಂದು ಗಂಗಾ ಬೆಳಗಿನಿಂದ ಎರಡು ಸಲ ಹೇಳಿದ್ದಳು. ಮೂರನೆಯ ಸಲ ಹೇಳಲು ಈಗ ಅವಳಿಗೆ ಧೈರ್ಯ ಸಾಲಲಿಲ್ಲ. ಕೇಳಿದ್ದನ್ನು ಕೈಭಾಷೆಗೆ ತಂದು ಅಣ್ಣನ ಮುಂದಿಟ್ಟಳು. ಉತ್ತರ ಅವಳಿಗೆ ಆಗಲೇ ಗೊತ್ತಿತ್ತು.

ಅಣ್ಣ ಬೀರಲಿಂಗನಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು. ಗುರುಗುಂಟಾದ ಕುರಿ ಕಾಯುವ ಮನೆಯ ಹುಡುಗ, ಈಗ ಪಾಲಿಮರ್ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಗೊರೇಬಾಳದ ಗದ್ದೆಗಳ ಬದುವಿನಲ್ಲಿ ಬಿದ್ದಿರುವ ಗೊಬ್ಬರದ ಚೀಲದ ಪ್ಲಾಸ್ಟಿಕ್ಕು, ಸಿಂಧನೂರಿನ ಹಾಲಿನ ಪಾಕೀಟು, ಇವನ್ನೆಲ್ಲ ಚೂರು ಮಾಡಿ ಡಾಂಬರಿಗೆ ಬೆರೆಸಿದರೆ ಎರೆಭೂಮಿಯ ಮೇಲಿನ ರಸ್ತೆ ಬಾಳಿಕೆ ಬಂದೀತೇ ಅನ್ನುವುದು ಅವನ ಸಂಶೋಧನೆ. ಮಸ್ಕಿಯಿಂದ ಪಾಮನಕಲ್ಲೂರಿನ ಕಡೆ ಹೋಗುವ ದಾರಿಯ ಒಂದು ಕವಲಿನಲ್ಲಿ ಪ್ರಯೋಗಕ್ಕೆಂದು ತೊಂಬತ್ತು ಮೀಟರ್ ಸಿಕ್ಕಿತ್ತು. ರಸ್ತೆ ತಂತ್ರಜ್ಞಾನದಲ್ಲಿ ತಲೆ ನೆರೆಸಿಕೊಂಡಿದ್ದ ಕರಿಬಸಯ್ಯ ಸರ್ ಇವತ್ತು ಹೂಂ ಅಂದರೆ ಪ್ರಬಂಧ ಸಲ್ಲಿಸಬಹುದು. ಊಹೂಂ ಅಂದರೆ ಮತ್ತೆ ರಸ್ತೆ ಹಾಕಿ ಇನ್ನೊಂದು ಮಳೆಗಾಲ ಕಾಯಬೇಕು. ಅಷ್ಟು ವೇಳೆ ವಿಶ್ವವಿದ್ಯಾಲಯ ಕೊಡುವುದಿಲ್ಲ. ಐದು ವರ್ಷದ ದುಡಿಮೆ ಇದೇ ಹತ್ತು ಮೀಟರಿನಲ್ಲಿ ಮುಳುಗಿ ಹೋಗುತ್ತಿತ್ತು.

ಅಣ್ಣ ಓದಿದಷ್ಟನ್ನೂ ತಂಗಿ ಜೊತೆಗೆ ಕೂತು ಓದಿದ್ದಾಳೆ. ಪುಸ್ತಕದ ಎಷ್ಟೋ ಮಾತುಗಳಿಗೆ ಕೈಭಾಷೆಯಲ್ಲಿ ಹೆಸರೇ ಇರಲಿಲ್ಲ. ಪಾಲಿಮರಿಗೆ ಏನು ಮಾಡುವುದೆಂದು ಇಬ್ಬರೂ ವಾರಗಟ್ಟಲೆ ಒದ್ದಾಡುತ್ತಿದ್ದಾಗ, ಅವ್ವ ಅಮರಮ್ಮ ಪಡಸಾಲೆಯಲ್ಲಿ ಕೂತು ತೊಡೆಯ ಮೇಲೆ ಕದಿರು ಉರುಳಿಸಿ ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಗೇಣುದ್ದವೂ ಇಲ್ಲದ ಕೂದಲೆಳೆಗಳು ಒಂದಕ್ಕೊಂದು ಹೆಣೆದುಕೊಂಡು ಮಾರುದ್ದದ ನೂಲಾಗುವುದನ್ನು ಬೀರಲಿಂಗ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ತೊಡೆಯ ಮೇಲೆ ಅಂಗೈ ಉಜ್ಜಿ ತೋರಿಸಿದ. ಅವತ್ತಿನಿಂದ ಅವರ ಮನೆಯಲ್ಲಿ ಪಾಲಿಮರ್ ಅಂದರೆ ಅದೇ.

ಗಂಗಾ ಮೊದಮೊದಲು ಮಾಡುತ್ತಿದ್ದ ತರ್ಜುಮೆಯ ಚಂದ ಕೇಳಬೇಕು. ಅಣ್ಣ ಬಸ್ ಕಂಡಕ್ಟರನಿಗೆ ಬೈದರೆ, "ಲಿಂಗಸೂಗೂರಿಗೆ ಎರಡು ಟಿಕೆಟ್ ಕೊಡ್ರಿ ಅಂತಾನ್ರಿ" ಅನ್ನುತ್ತಿದ್ದಳು. ಮೇಷ್ಟ್ರ ಮುಂದೆ ಅವನ ತಪ್ಪಿಗೆಲ್ಲ ಪಾಲಿಶ್ ಹಚ್ಚುತ್ತಿದ್ದಳು. ದುಭಾಷಿ ಕೋರ್ಸಿಗೆ ಸೇರಿದ ಮೇಲೆಯೇ ಅದು ತಪ್ಪೆಂದು ತಿಳಿದದ್ದು. ಕೂಡಿಸಬಾರದು, ಕಳೆಯಬಾರದು, ಅವನು 'ನಾನು' ಅಂದರೆ ನೀನೂ 'ನಾನು' ಎಂದೇ ಹೇಳಬೇಕು. ಅಂದಿನಿಂದ ಅವಳು ನಿಯಮ ತಪ್ಪಿರಲಿಲ್ಲ, ಒಂದು ದಿನ ಬಿಟ್ಟು.

ಆ ದಿನ ಈ ರಸ್ತೆ ಹಾಕಿದ ದಿನ. ಡಾಂಬರು ಕಾಯಿಸುವ ಡ್ರಮ್ಮಿನ ಮೇಲೆ ಥರ್ಮಾಮೀಟರ್ ಹಿಡಿದು ಬೀರಲಿಂಗ, ಕೆಳಗೆ ಉರಿಯ ಹತ್ತಿರ ಇವನಿಗೆ ಬೆನ್ನು ಮಾಡಿ ಉರಿ ನೋಡಿಕೊಳ್ಳುವ ಕೆಲಸಗಾರ ರಾಜೇಸಾಬ್, ನಡುವೆ ಗಂಗಾ. ಅಣ್ಣ 'ಸಾಕು' ಎಂದು ಕೈ ಮಾಡಿದ ಕೂಡಲೇ ರಾಜೇಸಾಬನಿಗೆ ಕೂಗಿ ಹೇಳುವುದಷ್ಟೇ ಅವಳ ಕೆಲಸ. ಕೊನೆಯ ಡ್ರಮ್ಮಿಗೆ ಬರುವಷ್ಟರಲ್ಲಿ ಫೋನ್ ಬಂತು. ಕೋರ್ಸಿನ ಪರೀಕ್ಷೆಯಲ್ಲಿ ಪಾಸಾಗಿದ್ದೀ ಎಂದು ಗೆಳತಿ ಹೇಳಿದಳು. ಗಂಗಾ ಪಕ್ಕಕ್ಕೆ ತಿರುಗಿ ನಿಂತು ನಕ್ಕಳು, ಮಾತಾಡಿದಳು, ಮತ್ತೆ ನಕ್ಕಳು. ತಿರುಗಿ ನೋಡಿದರೆ ಅಣ್ಣ ತಾನೇ ಇಳಿದು ಬಂದು ಉರಿ ಆರಿಸುತ್ತಿದ್ದ. ಹೊಗೆ ಅಡ್ಡ ಬಂತು, ನೀನು ಕಾಣಲಿಲ್ಲ ಎಂದು ಅವಳು ಕೈಮಾಡಿದಳು. ಅವನು ತಲೆಯಾಡಿಸಿದ. ಅತಿಯಾಗಿ ಕಾದು ಸೀದ ಡಾಂಬರು ಅಷ್ಟೂ ಈ ಹತ್ತು ಮೀಟರಿಗೆ ಬಿದ್ದಿತು. ಆ ಸುಳ್ಳನ್ನು ನುಂಗಿಕೊಂಡು ಅವಳು ಎಂಟು ತಿಂಗಳು ಕಳೆದಿದ್ದಳು.

ಈಗ ಬೀರಲಿಂಗ ಕೈ ಎತ್ತಿದ. ಅವಳು ನೋಡುತ್ತ ನೋಡುತ್ತ ಬಾಯಿಗೆ ತಂದಳು.

"ಡಾಂಬರು ಅತಿ ಕಾದಿತ್ತು. ಇಳಿಸೋ ಸನ್ನಿ ನಾ ಹೊತ್ತಿಗೆ ಸರಿಯಾಗಿ ಕೊಡಲಿಲ್ಲ. ತಡಾ ಮಾಡಿದೆ. ತಪ್ಪು ನಂದು."

ಕರಿಬಸಯ್ಯ ಸರ್ ಮುಖ ಸಪ್ಪಗೆ ಮಾಡಿ ಬರೆದುಕೊಳ್ಳತೊಡಗಿದರು. ನಿಯಮ ಪಾಲಿಸಿದ್ದಾಯಿತು, ಒಂದಕ್ಷರ ಆಚೀಚೆ ಆಗಿರಲಿಲ್ಲ, ಆದರೂ ಆ ಬರೆಯುವ ಪೆನ್ನನ್ನು ನೋಡುತ್ತ ನಿಲ್ಲಲು ಅವಳಿಂದ ಆಗಲಿಲ್ಲ.

"ಸರ್, ಅವನ ಮಾತು ಮುಗೀತ್ರಿ. ಇನ್ನ ನಾ ಮಾತಾಡ್ತೀನಿ." ಅಣ್ಣನಿಗೂ ಕಾಣಲೆಂದು ಕೈಯನ್ನೂ ಆಡಿಸಿದಳು. "ತಪ್ಪು ನಂದರಿ. ಅವ ಸನ್ನಿ ಮಾಡಿದಾಗ ನಾ ಫೋನಿನ್ಯಾಗ ಇದ್ದೆ."

ಬೀರಲಿಂಗನ ಕೈಗಳು ಸರಸರ ಹಾರಿದವು.

"ಏನಂತಾನ?" ಎಂದರು ಸರ್.

ಗಂಗಾ ಅದನ್ನೂ ಬಾಯಿಗೆ ತಂದಳು. "ದುಭಾಷಿ ಆದಾಕಿ ನಡುವ ಬಾಯಿ ಹಾಕಬಾರದು, ಇಷ್ಟೂ ತಿಳಿಲಾರದ ಹ್ಯಾಂಗ ಪಾಸಾದಿ... ಅಂತ ಬೈಯಾಕತ್ತಾನ್ರಿ."

ಅಷ್ಟು ಹೇಳಿ ಅವಳೂ ಅಣ್ಣನತ್ತ ಕೈ ಬೀಸಿ ಏನೋ ಅಂದಳು.

"ನೀ ಏನಂದಿ ಈಗ?" ಎಂದರು ಸರ್.

"ನಿನ್ನ ಸುಳ್ಳನ್ನ ನನ್ನ ಬಾಯಿಂದ ಹೇಳಸ್ತಿಯಲ್ಲ, ನಿನಗ ನಾಚಿಕಿ ಇಲ್ಲನು ಅಂದೆನ್ರಿ."

"ಅದಕ್ಕವ?"

"ಕತ್ತೆ ಅಂದನ್ರಿ." ಅವಳು ಕಣ್ಣೊರೆಸಿಕೊಂಡಳು. "ನನಗ."

ಕರಿಬಸಯ್ಯ ಸರ್ ತುಟಿ ಬಿಗಿಹಿಡಿದು ನೋಡಿದರು, ಆಗಲಿಲ್ಲ. ಹೊಟ್ಟೆ ಕುಲುಕಿಸಿ ನಕ್ಕರು. ನಗು ಇಳಿದ ಮೇಲೆ ಮೊದಲ ಸಲ ನೇರವಾಗಿ ಬೀರಲಿಂಗನ ಮುಖ ನೋಡಿ ಕೇಳಿದರು.

"ಎಷ್ಟು ಕಾದಿತ್ತು? ಎಷ್ಟು ಹೊತ್ತು? ಬರಕೊಂಡೀಯೇನು?"

ಅವನು ಚೀಲದಿಂದ ನೋಟ್‌ಬುಕ್ ತೆಗೆದ. ನೂರಾ ತೊಂಬತ್ತೆಂಟು ಡಿಗ್ರಿ, ನಾಲ್ಕು ನಿಮಿಷ. ಗಾಳಿ ಯಾವ ಕಡೆಗಿತ್ತು, ಬಿಸಿಲು ಎಷ್ಟಿತ್ತು, ಎಲ್ಲವೂ ಇತ್ತು. ಸರ್ ಎರಡೆರಡು ಸಲ ಓದಿದರು.

"ಲೇ ತಮ್ಮ, ಮುಚ್ಚಿಡೂದು ಯಾಕ ಇದನ್ನ? ಅದ ಮಣ್ಣು, ಅದ ಮಳಿ, ಅದ ಗಾಡಿ. ಕಾವು ಅಷ್ಟ ಬ್ಯಾರೆ. ನಾಲ್ಕು ನಿಮಿಷ ಹೆಚ್ಚು ಕಾದ್ರ ಏನಾಗ್ತೈತಿ ಅನ್ನೂದು ಇಲ್ಲಿ ಕಣ್ಣಿಗೆ ಕಾಣಾಕತ್ತೈತಿ. ಈ ಬಿರುಕಿಂದ ಒಂದು ಅಧ್ಯಾಯ ಬರಿ. ಉದ್ದ, ಅಗಲ ಎಲ್ಲಾ ಅಳದು ಹಾಕು. ಆಮ್ಯಾಲೆ ಪ್ರಬಂಧ ಕೊಡು."

ಸರ್ ಕಾರು ಹತ್ತಿ ಹೋದರು. ದಾರಿ ಬದಿಯ ಬೇವಿನ ಮರದ ಕೆಳಗೆ ಅಮರಮ್ಮ ರೊಟ್ಟಿಯ ಗಂಟು ಪಕ್ಕಕ್ಕಿಟ್ಟುಕೊಂಡು ನೂಲುತ್ತ ಕೂತಿದ್ದಳು. ಮಗನ ಕೆಲಸ ಏನಾಗುತ್ತದೋ ಎಂದು ತಾನೂ ಬಂದಿದ್ದಳು, ಪಾಪ. ಏನಂದರು ಎಂದು ಅವಳು ಹುಬ್ಬೇರಿಸಿದಾಗ ಗಂಗಾ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಬೀರಲಿಂಗ ತಾನೇ ಹೇಳಿದ. ಅವ್ವನಿಗೆ ಎಲ್ಲ ತಿಳಿಯಿತು.

"ಕತ್ತೆ ಅಂದೇನು ಅಕಿಗೆ?" ಎಂದು ಅವಳು ಮಗನ ಬೆನ್ನಿಗೊಂದು ಹಾಕಿ, ಇಬ್ಬರ ಕೈಗೂ ರೊಟ್ಟಿ ಕೊಟ್ಟಳು.

ಗಂಗಾ ರೊಟ್ಟಿಯನ್ನು ತೊಡೆಯ ಮೇಲಿಟ್ಟು ಕೈಯಲ್ಲಿ ಕೇಳಿದಳು. "ನಾ ಫೋನಿನ್ಯಾಗ ಇದ್ದದ್ದು ನಿನಗ ಯಾವಾಗ ಗೊತ್ತಾತು?"

"ಅವತ್ತ. ಗಾಳಿ ಮಸ್ಕಿ ಕಡಿಗಿತ್ತು. ಹೊಗಿ ನಿನ್ನ ಕಡಿ ಬರಲೇ ಇಲ್ಲ."

"ಮತ್ತ ಯಾಕ ಸುಳ್ಳು ಹೇಳಿದಿ?"

ಅವನು ತಡೆದು ತಡೆದು ಕೈ ಎತ್ತಿದ. "ಪೂರ್ತಿ ಸುಳ್ಳಲ್ಲ. ಮ್ಯಾಲೆ ನಿಂತು ನೋಡಿದೆ, ನೀ ನಗಾಕತ್ತಿದ್ದಿ. ಪಾಸಾಗಿರಬೇಕು ಅನಕೊಂಡೆ. ನಿನ್ನ ಸಲುವಾಗಿ ನೀ ನಕ್ಕಿದ್ದನ್ನ ನಾ ನೋಡಿದ್ದಿಲ್ಲ. ಇನ್ನೊಂದೀಟು ನಗಲಿ ಅಂತ ಸುಮ್ಮನ ನಿಂತೆ. ನಾಲ್ಕರಾಗ ಒಂದು ನಿಮಿಷ ನಂದು."

ಅವನು ಉತ್ತರಕ್ಕೆ ಕಾಯಲಿಲ್ಲ. ಅವ್ವನ ಕದಿರಿನಿಂದ ನಾಲ್ಕಾರು ಮಾರು ನೂಲು ಬಿಚ್ಚಿಕೊಂಡು ರಸ್ತೆಗೆ ನಡೆದ. ಬಿರುಕು ಹಾವಿನಂತೆ ಡೊಂಕುಡೊಂಕಾಗಿತ್ತು, ಅದರ ಉದ್ದ ಅಳೆಯಲು ಟೇಪು ಬಾಗುತ್ತಿರಲಿಲ್ಲ. ಗಂಗಾ ಹಿಂದೆಯೇ ಹೋಗಿ ಬಿರುಕಿನ ತುದಿಯಲ್ಲಿ ಮೊಣಕಾಲೂರಿ ಕೂತು, ನೂಲಿನ ಒಂದು ಕೊನೆಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಬೀರಲಿಂಗ ಬಿರುಕಿನ ಗುಂಟ ನೂಲನ್ನು ಕೂರಿಸುತ್ತ, ಬಗ್ಗಿಕೊಂಡೇ ಹಿಂದೆ ಹಿಂದೆ ಸರಿದ. ಡಾಂಬರು ಇನ್ನೂ ಬಿಸಿಲಿಗೆ ಬೆಚ್ಚಗಿತ್ತು. ಇಬ್ಬರ ಕೈಗಳೂ ನೂಲಿನ ಮೇಲಿದ್ದವು, ಮಾತಾಡಲು ಯಾರ ಕೈಯೂ ಖಾಲಿ ಇರಲಿಲ್ಲ.