ಉಪ್ಪು, ಮೆಣಸು, ಕೈಗವಸು

ರಾತ್ರಿಯೆಲ್ಲ ಸುರಿದ ಕಾರ್ತಿಕದ ಮಳೆ ಬೆಳಗಿಗೆ ನಿಂತಿತ್ತು. ಗಾಳಿ ಮಾತ್ರ ಒಂದು ಎಲೆಯನ್ನೂ ಅಲುಗಿಸಲಿಲ್ಲ. ಕುನ್ನತ್ತೂರು ರಸ್ತೆಯ ಬನಿಯನ್ ಪ್ರಿಂಟಿಂಗ್ ಶೆಡ್ಡಿನಲ್ಲಿ ತಿನ್ನರ್ ವಾಸನೆ ಮಂಜಿನ ಹಾಗೆ ಕೂತುಬಿಟ್ಟಿತ್ತು. ಅಚ್ಚಿನ ಜಾಲರಿಗೆ ಹತ್ತಿದ ಬಣ್ಣವನ್ನು ಆ ತಿನ್ನರಿನಲ್ಲಿ ಉಜ್ಜಿ ತೊಳೆಯುವುದು ಜಾನಮ್ಮನ ಕೆಲಸ. ಅವಳ ಬೆರಳ ಸಂದುಗಳು ಬೇಸಿಗೆಯ ಕೆರೆಯಂಗಳದಂತೆ ಬಿರಿದಿದ್ದವು.

ಅವತ್ತು ಎಲ್ಲರಿಗೂ ಹೊಸ ಕೈಗವಸು ಸಿಕ್ಕಿತು. ಸಿಕ್ಕಿತೆಂದರೆ, ಬಟ್ಟೆ ಕೊಳ್ಳುವ ಕಂಪನಿಯವರು ಶೆಡ್ಡು ನೋಡಲು ಬರುತ್ತಾರೆಂದೇ ಅರ್ಥ. ಬಂದರು, ಫೋಟೋ ಹಿಡಿದರು, ಹೋದರು. ಅವರ ಕಾರು ತಿರುವು ದಾಟುವ ಮೊದಲೇ ಶೆಡ್ಡಿನ ಯಜಮಾನ, ಊರ ವರಸೆಯಲ್ಲಿ ಜಾನಮ್ಮನಿಗೆ ಮಾವನಾಗುವ ಭೂಪತಿ ಗೋಣಿಚೀಲ ಹಿಡಿದು ಸಾಲಿನುದ್ದಕ್ಕೂ ಬಂದ. ಎಲ್ಲರೂ ಗವಸು ಕಳಚಿ ಹಾಕಿದರು. ಜಾನಮ್ಮನ ಪಕ್ಕದಲ್ಲಿದ್ದ ಅವಳ ಅತ್ತಿಗೆ ಬೆಳ್ಳಿಯಮ್ಮನೂ ಹಾಕಿದಳು.

ಜಾನಮ್ಮ ಹಾಕಲಿಲ್ಲ.

"ಗವಸು ಬಿಚ್ಚಮ್ಮ, ಮುಂದಿನ ಸಲಕ್ಕೆ ಬೇಕು," ಎಂದ ಭೂಪತಿ.

"ಕೈ ನಂಗೆ ದಿನಾ ಬೇಕು ಮಾವ."

"ಕೈ ಒಡೆದದ್ದು ದೇವಿ ಮುನಿಸು ಅಂತ ಅವತ್ತೇ ಹೇಳ್ದೆ. ಗುಡೀಲಿ ತಪ್ಪುಕಾಣಿಕೆ ಹಾಕಿ ಬಾ ಅಂತ ಉಪ್ಪು ಮೆಣಸಿನ ಪೊಟ್ಟಣನೂ ನಾನೇ ಕೊಟ್ಟೆ."

ಆ ಮಾತೇ ಊರೆಲ್ಲ ಸುತ್ತಿತ್ತು. ಕಾರ್ತಿಕದ ಶುಕ್ರವಾರಗಳಂದು ಕುಲದೇವಿಗೆ ಹಚ್ಚುವ ಹಿಟ್ಟಿನ ದೀಪಕ್ಕೆ ಅಕ್ಕಿಹಿಟ್ಟು, ಬೆಲ್ಲ ಕಲಸುವುದು, ಮದುವೆಯಾಗಿ ಬಂದಂದಿನಿಂದ ಜಾನಮ್ಮನ ಪಾಲು. ಹೋದ ವಾರ ಬೆಳ್ಳಿಯಮ್ಮ, "ದೇವಿ ಮುನಿದಿರೋ ಕೈ, ನೀ ಮುಟ್ಟಬೇಡ," ಎಂದು ಹಿಟ್ಟಿನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಿದ್ದಳು. ಇವತ್ತೂ ಶುಕ್ರವಾರ.

ಜಾನಮ್ಮ ಗವಸಿನ ಕೈಗಳನ್ನು ಹಿಂದಕ್ಕೆಳೆದುಕೊಂಡು, ದನಿ ಏರಿಸದೆ ಹೇಳಿದಳು:

"ದೀಪಾವಳಿಗೆ ಶೆಡ್ಡು ಮುಚ್ಚಿದಾಗ ಕೈ ಎಳೆಮಗೀನ ಕೈ ಆಗಿತ್ತು. ತೆರೆದ ವಾರಕ್ಕೇ ಒಡೀತು. ನೀವು ಲೀವು ಬಿಟ್ರೆ ದೇವಿ ಮುನಿಸಿಗೂ ಲೀವಾ ಮಾವ?"

ಹಿಂದೆ ಯಾರೋ ನಕ್ಕರು. ಭೂಪತಿಯ ಮುಖ ಕೆಂಪೇರಿತು. "ನಿನ್ನ ಬಾಯಿಗೂ ಒಂದು ಗವಸು ಕೊಡ್ಬೇಕು."

"ಕೊಡಿ. ಸಾಯಂಕಾಲ ಅದನ್ನೂ ಇಸ್ಕೊಂಡು ಹೋಗ್ತೀರಲ್ಲ."

ಬುತ್ತಿಚೀಲದಿಂದ ಪೊಟ್ಟಣ ತೆಗೆದು ಅವನ ಅಂಗೈಯಲ್ಲಿಟ್ಟಳು. "ನಿಮ್ಮ ತಿನ್ನರ್ ನನ್ನ ಕೈ ಸುಟ್ಟದ್ದು ಹಾಗಿರಲಿ. ಆ ತಪ್ಪನ್ನ ದೇವಿ ನಮ್ಮವ್ವನ ಮೇಲೆ ಹೊರಿಸಿದ್ರಲ್ಲ, ಈ ಉಪ್ಪು ಮೆಣಸು ನೀವೇ ಹಾಕಿ ಬನ್ನಿ."

ಅಷ್ಟರಲ್ಲಿ ಬೆಳ್ಳಿಯಮ್ಮ ಬಗ್ಗಿ, ಗೋಣಿಚೀಲದೊಳಗಿಂದ ಒಂದು ಜೊತೆ ಗವಸು ತೆಗೆದು ಹಾಕಿಕೊಂಡಳು. ಅವಳ ಹಿಂದೆ ಇನ್ನೊಂದು ಕೈ ಬಂತು, ಮತ್ತೊಂದು. ಚೀಲ ಭೂಪತಿಯ ಕೈಯಲ್ಲೇ ಹಗುರವಾಗುತ್ತ ಹೋಯಿತು.

ಸಂಜೆ ಗುಡಿಯ ಜಗುಲಿಯಲ್ಲಿ ಹೆಂಗಸರು ಕೂತಿದ್ದರು. ಜಾನಮ್ಮ ದೂರದ ಕಂಬಕ್ಕೆ ಒರಗಿದ್ದಳು. ಬೆಳ್ಳಿಯಮ್ಮ ಎದ್ದು ಬಂದು, ಹಿಟ್ಟಿನ ತಟ್ಟೆಯನ್ನು ಅವಳ ಮಡಿಲ ಮುಂದಿಟ್ಟು, ಪಕ್ಕದಲ್ಲೇ ಕೂತು ಬೆಲ್ಲ ಕುಟ್ಟತೊಡಗಿದಳು.