ಹುಲಿಗೆಮ್ಮನ ಮಾತು ಹಿಡಿದ ಮೈಕು

ಹುಲಿಗೆಮ್ಮ ತೀರಿಕೊಂಡ ಮೇಲೆ, ಅವಳ ಮಗಳು ಮಾಡಿದ ಸಿನಿಮಾದಿಂದ ಅವಳ ದನಿಯನ್ನು ತೆಗೆದುಹಾಕಿದರು.

ಆ ದನಿಯನ್ನು ಹಿಡಿದದ್ದು ನಾನು. ನಾನು ಒಂದು ಮೈಕು, ಗೇಣುದ್ದದ ಕೊಳವೆ. ನನಗೆ ಕಣ್ಣಿಲ್ಲ, ಮನುಷ್ಯರನ್ನು ಅರಿತದ್ದೆಲ್ಲ ಕಿವಿಯಿಂದಲೇ. ಕಡಲಾಚೆಯ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಯಾರೋ ನನ್ನೆದುರು ಚಪ್ಪಾಳೆ ತಟ್ಟಿ, ಕೇಳಿಸುತ್ತದೆಂದು ಖಾತ್ರಿ ಮಾಡಿಕೊಂಡು ಡಬ್ಬಿಗೆ ತುಂಬಿದರು. ಬೆಂಗಳೂರಿನಲ್ಲಿ ನನ್ನ ಮೊದಲ ಧಣಿ ಮದುವೆ ವಿಡಿಯೊ ತೆಗೆಯುವವನು. ವಾಲಗ ಕೇಳಿ ಕೇಳಿ ಅರ್ಧ ಕಿವುಡಾದೆ. ಹೆಣ್ಣು ಒಪ್ಪಿಸುವಾಗ ತಾಯಂದಿರು ಅಳುತ್ತಿದ್ದರು; ಅವನು ಆ ಅಳುವಿನ ಮೇಲೆ ಸಿನಿಮಾ ಹಾಡು ಹಾಕಿಬಿಡುತ್ತಿದ್ದ. ಹಳತಾದೆನೆಂದು, ಹೊಸ ನಿರ್ದೇಶಕರಿಗೆ ತರಬೇತಿ ಕೊಡುವ ಶಿಬಿರವೊಂದಕ್ಕೆ ನನ್ನನ್ನು ಮಾರಿದ.

ಅಲ್ಲಿ ಹೊಸ ಸಾಮಾನೆಲ್ಲ ಇಂಗ್ಲಿಷ್ ಬಲ್ಲವರ ಪಾಲಾಯಿತು. ಯಾರಿಗೂ ಬೇಡವಾದ ನಾನು ರಾಯಚೂರಿನ ನಾಗವೇಣಿಯ ಪಾಲಿಗೆ ಬಂದೆ. ಅವಳು ನನ್ನನ್ನು ಬಿದಿರುಕೋಲಿನ ತುದಿಗೆ ಕಟ್ಟಿ, ಗಾಳಿಯ ಸದ್ದು ತಡೆಯಲು ತುಪ್ಪಳದ ಕುಲಾವಿ ತೊಡಿಸಿ, ಊರಿಗೆ ಒಯ್ದು ತನ್ನ ಅವ್ವ ಹುಲಿಗೆಮ್ಮನ ಮುಂದೆ ಹಿಡಿದಳು.

“ಏ, ಸತ್ತ ಬೆಕ್ಕನ್ನ ಕೋಲಿಗಿ ಕಟಗೊಂಡು ಬಂದೀಯಲ್ಲ! ಕಲಿಯಾಕ ಕಳಿಸಿದ್ರ ಇದನ್ನಽ ಕಲತೇನು?”

ಅಷ್ಟು ದೊಡ್ಡ ದನಿಯನ್ನು ನಾನು ಯಾವ ಛತ್ರದಲ್ಲೂ ಕೇಳಿರಲಿಲ್ಲ. ಹುಲಿಗೆಮ್ಮ ಹತ್ತಿ ಮಿಲ್ಲಿನ ಆಳು. ಅಲ್ಲಿ ಯಂತ್ರದ ಅಬ್ಬರಕ್ಕೆ ಅರಚಿಯೇ ಮಾತಾಡಬೇಕು. ಆ ಹೆಂಗಸರು ಮನೆಗೆ ಬಂದರೂ ಗುಟ್ಟನ್ನು ಕೂಡ ಅರಚಿಯೇ ಹೇಳುತ್ತಾರೆ.

“ಅವ್ವಾ, ಸಣ್ಣಗ ಮಾತಾಡಬೇ.”

“ಸಣ್ಣಗ ಆಡಿದ್ರ ಯಾರ್ ಕೇಳ್ತಾರ? ನಾ ಮುಟ್ಟಿದ ಹತ್ತಿ ಊರಿಗೆಲ್ಲ ಹಾಸಿಗಿ ಆತು, ನನ್ನ ಎದಿಯಾಗ ಕೆಮ್ಮಾತು. ಮಾಲಕ ಅಂತಾನ, ಬೆಲ್ಲ ತಿನ್ನು, ಧೂಳ ಇಳೀತದ. ಅವನಽ ಬಂದು ಒಂದಿನ ನಿಂದ್ರಲಿ, ನಾನಽ ತಿನ್ನಸ್ತೀನಿ ಬೆಲ್ಲ!”

ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಮಗಳು ಕೋಲನ್ನು ಗೋಡೆಗೆ ಆನಿಸಿ ನೀರು ತರಲು ಓಡಿದಳು.

ಸಿನಿಮಾ ಮುಗಿಯುವ ಮೊದಲೇ ಹುಲಿಗೆಮ್ಮ ಮುಗಿದಳು. ಇನ್ನು ಅವಳ ದನಿ ಉಳಿದಿದ್ದುದು ಆ ಸಿನಿಮಾದಲ್ಲಿ ಮಾತ್ರ.

ಅದು ದೊಡ್ಡ ಚಿತ್ರೋತ್ಸವವೊಂದರ ಹೊಸಬರ ವಿಭಾಗಕ್ಕೆ ಆಯ್ಕೆಯಾಯಿತು. ಶಿಬಿರದಲ್ಲಿ ಪೇಡ ಹಂಚಿದರು. ನಾಗವೇಣಿಯ ಫೋಟೊ ಹಾಕಿ ಬಾಗಿಲಿಗೆ ಬ್ಯಾನರು ಕಟ್ಟಿದರಂತೆ. ಆಮೇಲೆ ಶಿಬಿರದ ಗುರು ಪ್ರಭಂಜನ ಅವಳನ್ನು ಡಬ್ಬಿಂಗ್ ಕೋಣೆಯಲ್ಲಿ ಕೂರಿಸಿ, ನನ್ನನ್ನು ಅವಳ ಬಾಯಿಯ ಮುಂದೆ ನಿಲ್ಲಿಸಿದರು.

“ನಿಮ್ಮ ತಾಯಿ ದನಿ ತೆಗೆಸಿದೀನಮ್ಮ. ಆ ಕಿರುಚಾಟ, ಆ ಕೆಮ್ಮು... ಜನ ಎದ್ದು ಹೋಗ್ತಾರೆ. ಅದೇ ಮಾತನ್ನ ನೀನು ನಿಧಾನವಾಗಿ, ಒಳ್ಳೆ ಕನ್ನಡದಲ್ಲಿ ಹೇಳಿಬಿಡು. ಮಗಳ ದನಿ ಅಂದ್ರೆ ಇನ್ನೂ ಚೆನ್ನಾಗಿರುತ್ತೆ.”

“ಆಕಿ ಕಿರುಚಾಕತ್ತಿಲ್ರಿ ಸರ್. ಆಕಿ ಮಾತಽ ಹಂಗ.”

“ಸಂಜೆಯೊಳಗೆ ಪ್ರಿಂಟ್ ಕಳಿಸ್ಬೇಕು. ಇಲ್ಲಾಂದ್ರೆ ನಿನ್ನ ಜಾಗ ಬೇರೆಯವರಿಗೆ ಹೋಗುತ್ತೆ. ನಿಮ್ಮ ಕಡೆಯಿಂದ ಇಷ್ಟು ದೂರ ಬಂದಿರೋಳು ನೀನೊಬ್ಬಳೇ. ಹಠ ಮಾಡ್ಬೇಡ.”

ಇಂದು ನಾನು ಶಿಬಿರದ ಉಗ್ರಾಣದಲ್ಲಿ ಬಿದ್ದಿದ್ದೇನೆ. ತಂತಿ ಹರಿದಿದೆ, ತುಪ್ಪಳವನ್ನು ಇಲಿ ಕಡಿದಿದೆ. ಆ ಉತ್ಸವದಲ್ಲಿ ಬೇರೆ ಯಾರದೋ ಸಿನಿಮಾ ಓಡಿತು. ಹುಲಿಗೆಮ್ಮನ ಎದೆಗೆ ಧೂಳು ಇಳಿಯುವಾಗ ತೆಗೆಯಲು ಒಬ್ಬರೂ ಬರಲಿಲ್ಲ. ಅವಳ ಕೆಮ್ಮು ಪರದೆಗೆ ಬಂದಾಗ ತೆಗೆಯಲು ಎಷ್ಟು ಅವಸರ! ಆಮೇಲೆ ಶಿಬಿರದ ಸಭೆಗಳಲ್ಲಿ ಗೆದ್ದವರ ಭಾಷಣ ಎಷ್ಟೋ ಹಿಡಿದೆ, ಒಂದೂ ನೆನಪಿಲ್ಲ. ಅಂದು ಆ ಡಬ್ಬಿಂಗ್ ಕೋಣೆಯಲ್ಲಿ ಕೇಳಿದ್ದು ಮಾತ್ರ ಈ ತುಕ್ಕು ಹಿಡಿದ ಮೈಯೊಳಗೆ ಹಾಗೇ ಉಳಿದಿದೆ.

“ಶುರು ಮಾಡು,” ಎಂದರು ಪ್ರಭಂಜನ.

ನಾಗವೇಣಿಯ ಉಸಿರು ನನಗೆ ತಾಗಿತು. ಬಿಸಿಯಾಗಿತ್ತು.

“ಹೇಳಮ್ಮ.”

“ಆಕಿ ಮಾತು ಆಕಿ ಹೇಳ್ಯಾಳ,” ಎಂದಳು. “ಇದ್ದಂಗಽ ವಾಪಸ್ ಹಾಕ್ರಿ. ಇಲ್ಲಂದ್ರ ನನ್ನ ಹೆಸರೂ ತಗೀರಿ.”

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

“ನಾ ಹೇಳೂದಿಲ್ರಿ.”