ಕಂದು ಕಂಬಳಿಯ ಎಡ ಅಂಚು

"ಅವಳ ಹೆಸರನ್ನ ಮೇಲಕ್ಕೆ ತರೋದು ಬೇಡ. ಬಿಟ್ಟು ಹೋದವಳು ಬಿಟ್ಟು ಹೋದವರ ಪಟ್ಟೀಲೇ ಬಿದ್ದಿರ್ಲಿ. ಆದ್ರೆ ಈ ಕಂಬಳಿಗೆ ಮಾತ್ರ ಸೇರಿಸ್ಬೇಕು," ಎಂದಳು ಎದುವಿನಾ, ಬಟ್ಟೆಯಲ್ಲಿ ಸುತ್ತಿ ತಂದ ಬಿಸಿ ಆಲೂಗಡ್ಡೆ ರೊಟ್ಟಿಯನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಡುತ್ತ.

ನೋಲ್ಫಾ ಟೀಚರಿಗೆ ನಗು ಬಂತು. ಚಿಲೋಯೆ ದ್ವೀಪದ ನೇಕಾರ್ತಿಯರ ಸಂಘಕ್ಕೆ ವೆಬ್ ಪುಟ ಮಾಡಿಕೊಟ್ಟವಳು ಅವಳೇ. ಪುಟದ ಮೇಲ್ಭಾಗದಲ್ಲಿ ಕಂಬಳಿಗಳು, ನೇಯ್ದವರ ಹೆಸರುಗಳು. ತೀರ ಕೆಳಗೆ ಸಂಘ ಬಿಟ್ಟವರ ಪಟ್ಟಿ. ಅದರಲ್ಲಿದ್ದದ್ದು ಒಂದೇ ಹೆಸರು, ಎದುವಿನಾಳ ತಂಗಿ ಕ್ಲೊದೊಮಿರಾಳದು.

ಅಮ್ಮನ ಸೇಬಿನ ಮರಗಳ ವಿಷಯಕ್ಕೆ ಜಗಳವಾಡಿ ತಂಗಿ ದೂರದ ಪುಂತಾ ಅರೇನಾಸ್ ಪಟ್ಟಣಕ್ಕೆ ಹೊರಟುಹೋಗಿ ನಾಲ್ಕು ವರ್ಷ. ಅಂದಿನಿಂದ ಮಾತಿಲ್ಲ. ಕೋಪದಲ್ಲಿ ಪುಟದ ಕಂಬಳಿಗಳ ಕೆಳಗಿಂದ ಅವಳ ಹೆಸರನ್ನು ತೆಗೆಸಿದ್ದವಳೂ ಈ ಮಹಾತಾಯಿಯೇ. ಅಗಲದ ಕಂಬಳಿಗೆ, ನೆಲಕ್ಕೆ ಗೂಟ ಹೊಡೆದು ಹೂಡಿದ ಮಗ್ಗದ ಎರಡೂ ಬದಿ ಇಬ್ಬರು ಮಂಡಿಯೂರಬೇಕು. ಈಗ ಎದುವಿನಾ ಕಿರಿದಾದ ಶಾಲುಗಳನ್ನಷ್ಟೇ ನೇಯುತ್ತಾಳೆ.

"ಇದ್ದಕ್ಕಿದ್ದ ಹಾಗೆ ಏನಾಯ್ತು, ಎದುವಿನಕ್ಕ?"

"ಅವಳು ನಮ್ಮ ಸೋದರತ್ತೆ ಮಗಳ ಹತ್ರ ಅತ್ಳಂತೆ. ತನ್ನ ಹೆಸರು ಹಾಕಿ ಹುಡುಕಿದ್ರೆ ಒಂದು ಕಂಬಳೀನೂ ಬರಲ್ವಂತೆ. ನಲವತ್ತು ವರ್ಷ ನೇಯ್ದೆ, ಒಂದೆಳೇನೂ ನಂದಲ್ವಾ ಅಂದ್ಳಂತೆ." ಎದುವಿನಾ ಪರದೆಯ ಮೇಲಿನ ಚಿತ್ರಕ್ಕೆ ಬೆರಳಿಟ್ಟಳು. ಮರುಕ್ಷಣವೇ ಗದರಿದಳು: "ನೀನೇ ನೋಡು ಈ ಕಂದು ಕಂಬಳೀನ. ಬಲ ಅಂಚು ಬಿಗಿ, ಅದು ನಂದು. ಎಡ ಅಂಚು ಸಡಿಲ, ಆ ಸೋಮಾರೀದು. ಇಲ್ಲ ಅನ್ನೋಕಾಗುತ್ತಾ?"

"ಸರಿ. ಹೆಸರು ಕೆಳಗೇ ಇರುತ್ತೆ. ಅದಕ್ಕೊಂದು ಗುರುತು ಕೊಟ್ಟು, ಇನ್ನೊಬ್ಬ ನೇಕಾರ್ತಿ ಅಲ್ಲಿದ್ದಾಳೆ ಅಂತ ಪುಟದ ಒಳಗಿನ ಕೋಡಲ್ಲಿ, ಕಂಬಳಿ ಹತ್ರ ಬರೀತೀನಿ. ಪುಟ ನೋಡೋರಿಗೆ ಕಾಣಲ್ಲ. ನೆಟ್‌ನಲ್ಲಿ ಹುಡುಕೋ ಯಂತ್ರಕ್ಕೆ ಮಾತ್ರ ತಿಳಿಯುತ್ತೆ."

"ಊರಿನವರ ಕಣ್ಣಿಗೆ ಬೀಳಲ್ಲ ತಾನೇ?"

"ಬೀಳಲ್ಲ."

"ಹಾಗಾದ್ರೆ ಬರಿ. ರೊಟ್ಟಿ ಆರೋದ್ರೊಳಗೆ ಬರಿ."

ಹನ್ನೊಂದು ದಿನ ಕಳೆದ ಮೇಲೆ, ಎದುವಿನಾ ಉಣ್ಣೆ ಹಿಂಜುತ್ತಿದ್ದಾಗ ಫೋನು ಬಂತು.

"ಅಕ್ಕಾ, ನಾನು. ನನ್ನ ಹೆಸರು ಹಾಕಿ ಹುಡುಕಿದ್ರೆ ನಮ್ಮ ಕಂದು ಕಂಬಳಿ ಬರ್ತಿದೆ. ಹುಡುಕಿದಾಗ ಅದರ ಕೆಳಗೆ ಇಬ್ಬರ ಹೆಸರೂ ಬರುತ್ತೆ."

"ಹೌದಾ? ಆ ಟೀಚರಮ್ಮನ ಕೆಲಸ ಇರ್ಬೇಕು."

"ಸುಳ್ಳಿ," ಎಂದಳು ಕ್ಲೊದೊಮಿರಾ. ಸ್ವಲ್ಪ ಹೊತ್ತು ಇಬ್ಬರೂ ಮೂಗೊರೆಸಿಕೊಂಡರು. "ಸೇಬು ಹಣ್ಣಾಗೋ ಹೊತ್ತಿಗೆ ಬರ್ಲಾ?"

"ಕೇಳ್ತಾಳೆ ನೋಡು! ಹೊರಗಿನವಳ ಹಾಗೆ."

ಫೋನಿಟ್ಟು ಎದುವಿನಾ ಮಗ್ಗದ ಗೂಟಗಳನ್ನು ಕಿತ್ತಳು. ತಾನೊಬ್ಬಳೇ ಎಷ್ಟು ಕೈ ಚಾಚಿದರೂ ಆಚೆಯ ಅಂಚು ಎಟುಕದಷ್ಟು ದೂರ ಸರಿಸಿ, ಮತ್ತೆ ನೆಲಕ್ಕೆ ಹೊಡೆದಳು.